ಗಾಡಿ ಚಾರ್ಜ್ ಆಗ್ತಿಲ್ವಾ? ಬ್ಯಾಟರಿ ಬೈಯೋ ಮೊದಲು ಗೋಡೆಯ ಪ್ಲಗ್ ನೋಡಿ

ಕೋಲಾರ: ರಾತ್ರಿ ಪ್ಲಗ್ ಹಾಕಿಟ್ಟ ಸ್ಕೂಟರ್ ಬೆಳಗ್ಗೆ ನೋಡಿದ್ರೆ ಚಾರ್ಜೇ ಆಗಿಲ್ಲ. ಅಂಗಡಿ ಬಾಗಿಲು ತೆಗೆಯೋ ಹೊತ್ತಿಗೆ ಈ ಗೋಳು ಎದುರಾದರೆ ಮೊದಲು ಬೈಗುಳ ಬೀಳೋದು ಕಂಪನಿಗೆ, ಆಮೇಲೆ ಬ್ಯಾಟರಿಗೆ. ಆದರೆ ದೋಷ ಗಾಡಿಯಲ್ಲೇ ಇರಬೇಕೆಂದೇನಿಲ್ಲ. ಎಷ್ಟೋ ಸಲ ಅದು ಗೋಡೆಯೊಳಗೆ ಇರುತ್ತದೆ.

ಪ್ಲಗ್ ಪಾಯಿಂಟಿನ ಮೇಲಿನ ದೊಡ್ಡ ತೂತು ಅರ್ಥಿಂಗ್‌ನದ್ದು. ಅರ್ಥಿಂಗ್ ಸರಿಯಿಲ್ಲ ಅಂತ ಗೊತ್ತಾದರೆ ಕೆಲವು ಚಾರ್ಜರ್‌ಗಳು ತಾವಾಗಿಯೇ ನಿಂತುಬಿಡುತ್ತವೆ. ಅದು ಕೆಟ್ಟಿದ್ದಲ್ಲ, ನಮ್ಮನ್ನು ಕಾಯೋ ಕೆಲಸ. ಹಳೇ ಕಟ್ಟಡಗಳಲ್ಲಿ ಆ ತೂತಿಗೆ ವೈರೇ ಇರೋದಿಲ್ಲ. ವೈರ್ ಇದ್ದರೂ ಅರ್ಥಿಂಗ್ ಗುಂಡಿ ಒಣಗಿರುತ್ತದೆ. ನೆಲದಲ್ಲಿ ತೇವ ಇದ್ದರೆ ಅರ್ಥಿಂಗ್ ಚೆನ್ನಾಗಿ ಕೆಲಸ ಮಾಡುತ್ತೆ. ವರ್ಷವಿಡೀ ಹರಿಯುವ ನದಿಯೇ ಇಲ್ಲದ ನಮ್ಮ ಜಿಲ್ಲೆಯಲ್ಲಿ ಬೇಸಿಗೆ ಬಂತೆಂದರೆ ಈ ಸಮಸ್ಯೆ ಇನ್ನೂ ಜಾಸ್ತಿ.

ಅಪಾಯ ಶುರುವಾಗೋದು ಇಲ್ಲಿಂದ. ಬೋರ್ಡ್ ಬಿಚ್ಚಿ ನ್ಯೂಟ್ರಲ್‌ನಿಂದ ಅರ್ಥ್‌ಗೆ ಒಂದು ತುಂಡು ವೈರ್ ಜೋಡಿಸಿದರೆ ಚಾರ್ಜರ್ ಮೋಸ ಹೋಗಿ ಗಾಡಿ ಚಾರ್ಜ್ ಆಗುತ್ತೆ. "ಸರಿಹೋಯ್ತು" ಅಂದುಕೊಳ್ಳಬೇಡಿ. ಮುಂದೆ ಎಲ್ಲಾದರೂ ನ್ಯೂಟ್ರಲ್ ಕಟ್ಟಾದರೆ, ಇಲ್ಲವೇ ಫೇಸ್-ನ್ಯೂಟ್ರಲ್ ಅದಲುಬದಲಾದರೆ, 230 ವೋಲ್ಟ್ ನೇರವಾಗಿ ಗಾಡಿಯ ಬಾಡಿಗೆ ಬರುತ್ತೆ. ಅದನ್ನು ಮುಟ್ಟೋದು ನಿಮ್ಮ ಮಗುವೂ ಆಗಬಹುದು, ಗಿರಾಕಿಯೂ ಆಗಬಹುದು.

ಹಾಗಾದರೆ ನಾವೇ ನೋಡಬಹುದಾದ್ದು ಏನು? ಸ್ವಿಚ್ ಆಫ್ ಮಾಡಿ ಪ್ಲಗ್ ತೆಗೆಯಿರಿ. ಪಿನ್ ಕಪ್ಪಾಗಿದೆಯಾ, ಪ್ಲಗ್ ಬಿಸಿಯಾಗಿದೆಯಾ, ಸುಟ್ಟ ವಾಸನೆ ಇದೆಯಾ ನೋಡಿ. ಇದ್ದರೆ ಆ ಪಾಯಿಂಟ್ ಮತ್ತೆ ಬಳಸಬೇಡಿ. ಏನೂ ಇಲ್ಲದಿದ್ದರೆ ಅದೇ ಚಾರ್ಜರ್ ಅನ್ನು ಅರ್ಥಿಂಗ್ ಚೆನ್ನಾಗಿರುವ ಬೇರೆ ಕಡೆ ಹಾಕಿ ನೋಡಿ. ಅಲ್ಲಿ ಚಾರ್ಜ್ ಆದರೆ ತಪ್ಪು ನಿಮ್ಮ ಗೋಡೆಯದ್ದು. ಅಲ್ಲೂ ಆಗದಿದ್ದರೆ ಸರ್ವೀಸ್ ಸೆಂಟರ್‌ಗೆ ಹೋಗಿ. ಬ್ಯಾಟರಿ, ಚಾರ್ಜರ್ ಬಿಚ್ಚೋ ಸಾಹಸ ಬೇಡ. ಕಾರುಗಳಲ್ಲಿ, ಹೈಬ್ರಿಡ್ ಆದರೂ ಸರಿ, ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಕೈ ಹಾಕಲೇಬೇಡಿ. ಅದರಲ್ಲಿ ಹರಿಯೋದು ಪ್ರಾಣ ತೆಗೆಯೋ ವೋಲ್ಟೇಜ್.

ಗೋಡೆಯ ಕೆಲಸ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್‌ದು. ಟೆಸ್ಟರ್ ದೀಪ ಹತ್ತಿದ ಮಾತ್ರಕ್ಕೆ ಅರ್ಥಿಂಗ್ ಇದೆ ಅಂತಲ್ಲ. ಮೀಟರ್ ಹಿಡಿದು ಅಳೆಯೋಕೆ ಹೇಳಿ. ಚಾರ್ಜಿಂಗ್‌ಗೆ 16 ಆಂಪ್ಸ್‌ನ ಪ್ರತ್ಯೇಕ ಪಾಯಿಂಟ್, ಅದಕ್ಕೆ ತಕ್ಕ ವೈರ್, 30 ಮಿಲಿ ಆಂಪ್ಸ್‌ನ ಆರ್‌ಸಿಸಿಬಿ ಹಾಕಿಸಿ. ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದು ಫುಟ್‌ಪಾತ್‌ನಲ್ಲಿ ಚಾರ್ಜ್ ಹಾಕೋದು ನಿಲ್ಲಲಿ.

2022ರ ಮಾರ್ಚ್‌ನಲ್ಲಿ ಪಕ್ಕದ ತಮಿಳುನಾಡಿನ ವೆಲ್ಲೂರಿನಲ್ಲಿ ರಾತ್ರಿ ಮನೆಯಲ್ಲಿ ಚಾರ್ಜ್‌ಗೆ ಹಾಕಿದ್ದ ಸ್ಕೂಟರ್‌ಗೆ ಬೆಂಕಿ ಹತ್ತಿ ಅಪ್ಪ-ಮಗಳು ಸತ್ತರು. ಆ ವರ್ಷ ಇಂಥ ಹಲವು ಅವಘಡಗಳಾದ ಮೇಲೆ ಕೇಂದ್ರ ಸರ್ಕಾರ ಡಿಸೆಂಬರ್‌ನಿಂದ ಬ್ಯಾಟರಿ ನಿಯಮ ಬಿಗಿ ಮಾಡಿತು. ರಾಜ್ಯದ ಮಟ್ಟಿಗೆ, ದೇಶದಲ್ಲೇ ಮೊದಲು ಎಲೆಕ್ಟ್ರಿಕ್ ವಾಹನ ನೀತಿ ತಂದದ್ದು ಕರ್ನಾಟಕ, 2017ರಲ್ಲಿ. ನಿಯಮ ಗಾಡಿಯನ್ನು ಪರೀಕ್ಷೆ ಮಾಡುತ್ತೆ, ನೀತಿ ಗಾಡಿ ಕೊಳ್ಳಿ ಅನ್ನುತ್ತೆ. ನಿಮ್ಮ ಅಂಗಡಿಯ ಪ್ಲಗ್ ನೋಡೋರು ಯಾರು?

ಬೆಸ್ಕಾಂ ಹೊಣೆ ಮೀಟರ್‌ವರೆಗೆ. ವೋಲ್ಟೇಜ್ ಏರಿಳಿತ, ಕಂಬದ ಕಡೆಯಿಂದ ನ್ಯೂಟ್ರಲ್ ತೊಂದರೆ ಇದ್ದರೆ 1912ಕ್ಕೆ ಫೋನ್ ಮಾಡಿ. ಮೀಟರ್ ಆಚೆಗಿನದು ಕಟ್ಟಡದವರ ಹೊಣೆ. ಬಾಡಿಗೆ ಅಂಗಡಿಯಲ್ಲಿ ಇದೇ ಜಗಳ: "ಗಾಡಿ ನಿಂದು, ನೀನೇ ಹಾಕಿಸ್ಕೋ" ಅನ್ನೋ ಮಾಲೀಕರು, "ಕಟ್ಟಡ ನಿಮ್ದು" ಅನ್ನೋ ಬಾಡಿಗೆದಾರರು. ಕರೆಂಟ್‌ಗೆ ಮಾಲೀಕ ಯಾರು, ಬಾಡಿಗೆದಾರ ಯಾರು ಅಂತ ಗೊತ್ತಾಗಲ್ಲ. ಹೊಸ ಬ್ಯಾಟರಿಯ ಬೆಲೆ ಮುಂದೆ ಅರ್ಥಿಂಗ್ ಖರ್ಚು ಸಣ್ಣದು. ಇಬ್ಬರೂ ಕೂತು ಮಾತಾಡಿ ಹಂಚಿಕೊಳ್ಳಿ. ಗುಂಡಿ ಈಗಾಗಲೇ ಇದ್ದರೆ ಬೇಸಿಗೆಯಲ್ಲಿ ಆಗಾಗ ಒಂದು ಬಿಂದಿಗೆ ನೀರು ಹಾಕೋದನ್ನು ಮರೆಯಬೇಡಿ.