ವಾಲ್‌ಪೇಪರ್ ಬದಲಾಯಿತು, ಟ್ಯಾಬ್ ನಮ್ಮದಾಯಿತೇ?

ಟ್ಯಾಬ್ ಮನೆಗೆ ಬಂದ ದಿನ ಮೊದಲು ಬದಲಾಗುವುದು ವಾಲ್‌ಪೇಪರ್. ಮನೆದೇವರ ಫೋಟೊ, ಅಪ್ಪು ಫೋಟೊ, ಇಲ್ಲವೇ ಜೋಡೆತ್ತಿನ ಫೋಟೊ. ಆಮೇಲೆ ಒಂದು ರಿಂಗ್‌ಟೋನ್. ಅಲ್ಲಿಗೆ ಸೆಟ್ಟಿಂಗ್ಸ್ ಕೆಲಸ ಮುಗಿಯಿತು. ಭಾಷೆ ಇಂಗ್ಲಿಷಿನಲ್ಲೇ ಉಳಿಯುತ್ತದೆ, ಅಕ್ಷರ ಸಾಸಿವೆ ಕಾಳಿನಷ್ಟೇ ಇರುತ್ತದೆ.

ಅಲಂಕಾರ ತಪ್ಪಲ್ಲ. ಆದರೆ ಟ್ಯಾಬನ್ನು ಮನೆಮಂದಿಗೆ ಹೊಂದಿಸುವುದು ಅದಕ್ಕಿಂತ ಮುಖ್ಯ ಎಂಬುದು ನನ್ನ ಮಾತು.

2021ರಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಪದವಿ, ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳಿಗೆ ಟ್ಯಾಬ್ ಹಂಚಿತು. ಹಾಗೆ ಬಂದದ್ದಿರಲಿ, ದುಡ್ಡು ಕೊಟ್ಟು ತಂದದ್ದಿರಲಿ, ಹಳ್ಳಿಯಲ್ಲಿ ಟ್ಯಾಬ್ ಒಬ್ಬರ ಸೊತ್ತಾಗಿ ಉಳಿಯುವುದಿಲ್ಲ. ತಮ್ಮ ಪಾಠ ನೋಡುತ್ತಾನೆ, ಅಪ್ಪ ತೊಗರಿ ಧಾರಣೆ ನೋಡುತ್ತಾನೆ, ಅವ್ವ ಸಂಘದ ಮೆಸೇಜ್ ನೋಡುತ್ತಾಳೆ. ಆದರೆ ಸೆಟ್ಟಿಂಗ್ಸ್ ಮಾತ್ರ ಕಾಲೇಜಿಗೆ ಹೋಗುವ ಒಬ್ಬನಿಗೆ ಹೊಂದುವಂತೆ ಇರುತ್ತದೆ.

ಇದರಿಂದ ನಷ್ಟ ಏನು? ಯಾವುದೋ ಲಿಂಕ್ ಒತ್ತಿದರೆ ಸಾಲದ ಆ್ಯಪ್ ಇಳಿಯುತ್ತದೆ. ನಿಮ್ಮ ಕಾಂಟ್ಯಾಕ್ಟ್ಸ್ ನೋಡಲೇ, ಫೋಟೊ ನೋಡಲೇ ಎಂದು ಟ್ಯಾಬ್ ಇಂಗ್ಲಿಷಿನಲ್ಲಿ ಕೇಳುತ್ತದೆ. ಅರ್ಥವಾಗದ ಅವ್ವ ಮುಂದೆ ಹೋಗಲೆಂದು 'ಅಲೋ' ಒತ್ತುತ್ತಾಳೆ. ವೈಯಕ್ತಿಕ ಸಾಲದ ಆ್ಯಪ್‌ಗಳು ಇವೆರಡನ್ನೂ ಮುಟ್ಟಬಾರದೆಂದು ಗೂಗಲ್ 2023ರಲ್ಲಿ ತನ್ನ ಪ್ಲೇ ಸ್ಟೋರ್‌ಗೆ ನಿಯಮ ತಂದಿತು. ಪ್ಲೇ ಸ್ಟೋರ್‌ನ ಹೊರಗಿನಿಂದ, ಲಿಂಕ್ ಮೂಲಕ ಬರುವ ಆ್ಯಪ್‌ಗೆ ಆ ನಿಯಮದ ಕಾವಲಿಲ್ಲ. ಅಲ್ಲಿ ಕಾವಲು ನಾವೇ. ಪ್ರಶ್ನೆ ಕನ್ನಡದಲ್ಲಿದ್ದರೆ 'ಬೇಡ' ಎನ್ನಲು ಅವ್ವನಿಗೆ ಯಾರ ಸಹಾಯವೂ ಬೇಕಿಲ್ಲ.

'ಕನ್ನಡಕ್ಕೆ ಹಾಕಿದರೆ ಅಧಿಸೂಚನೆ, ಪ್ರವೇಶಿಸುವಿಕೆ ಅಂತ ಬರುತ್ತದೆ, ಇಂಗ್ಲಿಷೇ ಸಲೀಸು' ಎನ್ನುವವರಿದ್ದಾರೆ. ಅನುವಾದ ಕೆಲವೆಡೆ ಒರಟಾಗಿದೆ, ಒಪ್ಪುತ್ತೇನೆ. ಆದರೆ ನಾಲ್ಕು ದಿನದಲ್ಲಿ ಆ ಪದಗಳು ರೂಢಿಯಾಗುತ್ತವೆ. ಓದಲು ಬಾರದ ಇಂಗ್ಲಿಷ್ ನಾಲ್ಕು ವರ್ಷವಾದರೂ ರೂಢಿಯಾಗುವುದಿಲ್ಲ. ಕಾಲೇಜಿನ ಮಗನಿಗೆ ಇಂಗ್ಲಿಷೇ ಬೇಕೆಂದರೆ, ಆಂಡ್ರಾಯ್ಡ್ 13ರಿಂದ ಈಚೆಗೆ ಅದನ್ನು ಬೆಂಬಲಿಸುವ ಆ್ಯಪ್‌ಗಳಿಗೆ ಬೇರೆ ಬೇರೆ ಭಾಷೆ ಇಡಬಹುದು.

ಮಾಡಬೇಕಾದದ್ದು ಅರ್ಧ ಗಂಟೆಯ ಕೆಲಸ. ಹೆಸರುಗಳು ಕಂಪನಿಯಿಂದ ಕಂಪನಿಗೆ ಸ್ವಲ್ಪ ಬೇರೆ ಇರಬಹುದು.

ಸೆಟ್ಟಿಂಗ್ಸ್‌ನ ಸಿಸ್ಟಂನಲ್ಲಿ ಭಾಷೆಯನ್ನು ಕನ್ನಡ ಮಾಡಿ. ಡಿಸ್‌ಪ್ಲೇಯಲ್ಲಿ ಅಕ್ಷರದ ಗಾತ್ರ ಹೆಚ್ಚಿಸಿ. ಅಪ್ಪ ಕನ್ನಡಕ ಹುಡುಕುವುದು ತಪ್ಪುತ್ತದೆ. ಕೀಬೋರ್ಡಿಗೆ ಕನ್ನಡ ಸೇರಿಸಿ, ಮೈಕ್ ಗುರುತು ಒತ್ತಿ ಮಾತಾಡುವುದನ್ನು ಅಜ್ಜಿಗೂ ತೋರಿಸಿ. ಲಾಕ್ ಆದ ಪರದೆಯ ಮೇಲೆ ಮೆಸೇಜ್ ಕಾಣದಂತೆ ಮಾಡಿ. ಇಲ್ಲವಾದರೆ ಬ್ಯಾಂಕಿನ ಓಟಿಪಿ ಕಟ್ಟೆಯ ಮೇಲೆ ಕೂತವರಿಗೂ ಕಾಣುತ್ತದೆ. ಬಹಳಷ್ಟು ಟ್ಯಾಬ್‌ಗಳಲ್ಲಿ ಒಬ್ಬೊಬ್ಬರಿಗೂ ಬೇರೆ ಖಾತೆ ಮಾಡುವ ಸೌಲಭ್ಯವಿದೆ. ಹಾಗೆ ಮಾಡಿದರೆ ಮಗ ಆಟವಾಡುವಾಗ ಅವ್ವನ ಮೆಸೇಜ್ ಅಳಿಸಿಹೋಗುವುದಿಲ್ಲ. ತನ್ನ ಹೆಸರು, ತನ್ನ ಫೋಟೊ ಇರುವ ಪರದೆ ತೆರೆದಾಗ ಅವ್ವನಿಗೂ ಅದು ತನ್ನದು ಅನ್ನಿಸುತ್ತದೆ.

ಹಬ್ಬಕ್ಕೆ ಊರಿಗೆ ಬರುವ ಹುಡುಗ ಹುಡುಗಿಯರಿಗೆ ಒಂದು ಮಾತು. ಟ್ಯಾಬ್ ಕಸಿದುಕೊಂಡು ನೀವೇ ಎಲ್ಲ ಮಾಡಿಬಿಡಬೇಡಿ. ಅವ್ವನ ಪಕ್ಕ ಕೂತು ಅವಳ ಬೆರಳಿನಿಂದಲೇ ಮಾಡಿಸಿ. ಮುಂದಿನ ಸಲ ಏನಾದರೂ ಬದಲಾಯಿಸಬೇಕಾದರೆ ನೀವು ಬರುವ ತನಕ ಅವಳು ಕಾಯಬೇಕಾಗಿಲ್ಲ.