ಅನಾಮಕ ಶವವೂ ನ್ಯಾಯವೂ

ಪ್ರಾಣ ಹೋದಮೇಲೆ ಹೆಸರಿನಿಂದೇನು ಪ್ರಯೋಜನ? ಕೊಂದವನೇ ಸಿಕ್ಕದಿರುವಾಗ, ಸತ್ತವನಾರೆಂದು ಹಳೆಯ ಎಲುಬುಗಳನ್ನು ಅಗೆದು ಹುಡುಕುವುದು ದ್ರವ್ಯನಷ್ಟವಲ್ಲವೆ? ವ್ಯವಹಾರಚತುರರೆನಿಸಿಕೊಂಡವರು ಆಗಾಗ ಆಡುವ ಮಾತಿದು. ಕೇಳುವುದಕ್ಕೆ ಯುಕ್ತವೆಂದು ತೋರಿದರೂ ಇದು ಪರೀಕ್ಷೆಗೆ ನಿಲ್ಲತಕ್ಕುದಲ್ಲ.

ಅಮೆರಿಕಾ ದೇಶದ ಫಿಲಡೆಲ್ಫಿಯಾ ನಗರದ ಒಂದು ವೃತ್ತಾಂತವನ್ನು ವಾಚಕಮಹಾಶಯರು ಪರಾಮರ್ಶಿಸಬೇಕು. 1957ನೆಯ ಇಸವಿ ಫೆಬ್ರವರಿಯಲ್ಲಿ ಆ ನಗರದ ಫಾಕ್ಸ್ ಚೇಸ್ ಎಂಬ ಭಾಗದಲ್ಲಿ, ರಟ್ಟಿನ ಪೆಟ್ಟಿಗೆಯೊಂದರೊಳಗೆ, ಕಂಬಳಿಯಲ್ಲಿ ಸುತ್ತಿದ ಬಾಲಕನ ಶವವು ದೊರೆಯಿತು. ವಯಸ್ಸು ನಾಲ್ಕು, ಮೈಮೇಲೆ ಪೆಟ್ಟಿನ ಗುರುತುಗಳು. ಆತನ ಚಿತ್ರವುಳ್ಳ ಕರಪತ್ರಗಳು ಲಕ್ಷಗಟ್ಟಲೆ ಹಂಚಲ್ಪಟ್ಟುವು. ‘ಇವನು ನಮ್ಮವನು’ ಎಂದು ಬಂದವರು ಒಬ್ಬರೂ ಇಲ್ಲ. ದಿಕ್ಕಿಲ್ಲದವರ ಹೊಲದಲ್ಲಿ ಆತನನ್ನು ಹೂಳಿದರು. 1998ರಲ್ಲಿ ಡಿ.ಎನ್.ಎ. ಪರೀಕ್ಷೆಗಾಗಿ ಅವಶೇಷಗಳನ್ನು ಹೊರತೆಗೆದು, ಐವಿ ಹಿಲ್ ಸ್ಮಶಾನದಲ್ಲಿ ಪುನಃ ಹೂಳಿದರು. ‘ಅಮೆರಿಕೆಯ ಅಜ್ಞಾತ ಶಿಶು’ ಎಂಬುದೇ ಅಲ್ಲಿಯ ಶಿಲಾಲೇಖವಾಯಿತು. ಕಡೆಗೆ ದೂರದ ಬಂಧುಗಳ ಡಿ.ಎನ್.ಎ.ಯೊಡನೆ ಹೋಲಿಸಿ, ವಂಶವೃಕ್ಷವನ್ನು ರಚಿಸಿ, ಜನನಪತ್ರವನ್ನು ಶೋಧಿಸಿ, 2022ರ ಡಿಸೆಂಬರಿನಲ್ಲಿ ಪೋಲೀಸರು ಆತನ ನಿಜನಾಮವನ್ನು ಘೋಷಿಸಿದರು. ಅಷ್ಟರಲ್ಲಿ ಅರುವತ್ತೈದು ವರ್ಷಗಳು ಸಂದಿದ್ದುವು, ತಾಯಿತಂದೆಗಳಿಬ್ಬರೂ ತೀರಿಹೋಗಿದ್ದರು, ಕೊಂದವರಾರೆಂಬುದು ಆಗಲೂ ಸ್ಥಾಪಿತವಾಗಲಿಲ್ಲ.

‘ಹಾಗಾದರೆ ಶ್ರಮವು ವ್ಯರ್ಥವೇ ಸರಿ’ ಎಂದು ಪೂರ್ವಪಕ್ಷಿಗಳು ಹೇಳಬಹುದು. ಇಲ್ಲಿ ಸಿದ್ಧವಾಗುವುದು ತದ್ವಿರುದ್ಧ. ಹೆಸರು ತಿಳಿದರೆ ಮನೆ ತಿಳಿಯುವುದು. ಮನೆ ತಿಳಿದರೆ ನೆರೆಯವರನ್ನು ಕೇಳಬಹುದು, ಕಡೆಯ ಸಲ ಕಂಡವರನ್ನು ಕರೆಯಬಹುದು. ಹೆಸರೇ ಇಲ್ಲದಲ್ಲಿ ಯಾರನ್ನು ಏನೆಂದು ಕೇಳುವುದು? ಆ ಹೆಸರು 1957ರಲ್ಲಿಯೇ ದೊರೆತಿದ್ದರೆ ಸಾಕ್ಷಿಗಳು ಬದುಕಿದ್ದರು. ಹತನ ಹೆಸರು ಮರೆಯಲ್ಲಿರುವಷ್ಟು ಕಾಲವೂ ಘಾತುಕನಿಗೆ ಅಭಯ.

ಗೋತ್ರವರಿಯದವನಿಗೆ ಕಾಶ್ಯಪಗೋತ್ರವನ್ನು ಹೇಳುವ ಪರಿಪಾಠವು ನಮ್ಮಲ್ಲುಂಟು. ಯಾರೂ ದಿಕ್ಕಿಲ್ಲದೆ ಹೋಗಬಾರದೆಂಬ ಕರುಣೆ ಅದರಲ್ಲಿದೆ. ಆದರೆ ಸಂಕಲ್ಪಕ್ಕೆ ಸಲ್ಲುವ ಈ ಬದಲಿಯು ಅಪರಾಧಶೋಧನೆಗೆ ಸಲ್ಲದು. ಅಲ್ಲಿ ನಿಜನಾಮವೇ ಬೇಕು.

ಇನ್ನೊಂದು ವಿಷಯ. ಆ ಬಾಲಕನನ್ನು ಹೂಳಿದ್ದರಿಂದ, ನಾಲ್ವತ್ತು ವರ್ಷಗಳಾದ ಮೇಲೂ ಅಗೆಯುವುದಕ್ಕೆ ಏನಾದರೂ ಉಳಿದಿತ್ತು. ಸುಟ್ಟ ಬೂದಿಯನ್ನು ಯಾವ ಶಾಸ್ತ್ರಜ್ಞನೂ ಮಾತನಾಡಿಸಲಾರನು. ಆದುದರಿಂದ ಅಪರಿಚಿತ ಶವವನ್ನು ಚಿತೆಗೇರಿಸುವ ಮುನ್ನ ಒಂದು ಹಲ್ಲನ್ನೋ ಎಲುಬಿನ ಚೂರನ್ನೋ ಗುರುತುಚೀಟಿಯೊಡನೆ ಭದ್ರಪಡಿಸದಿರುವುದು ಕೇವಲ ಔದಾಸೀನ್ಯವಲ್ಲ, ಅನ್ಯಾಯಕ್ಕೆ ಸಹಾಯ. ಪತ್ರಿಕೆಯ ಮೂಲೆಯಲ್ಲಿ ‘ಅಪರಿಚಿತ ಶವ, ಗೋಧಿವರ್ಣ, ನೀಲಿ ಅಂಗಿ’ ಎಂದು ಓದಿ ಹಾಳೆ ತಿರುವುವವರು, ಆ ಅಂಗಿಯನ್ನು ತೊಟ್ಟವನನ್ನು ಒಮ್ಮೆ ಯಾರೋ ಹೆಸರು ಹಿಡಿದು ಊಟಕ್ಕೆ ಕರೆದಿದ್ದರೆಂಬುದನ್ನು ಮರೆಯದಿರಲಿ.