ಚಿತ್ರದ ಹಿಂಬದಿಯನ್ನೂ ನೋಡೋಣ

ಪದವಿಯ ಕೊನೆಯ ವರ್ಷ ಕಲಾ ಸಂಗ್ರಹಾಲಯವೊಂದರಲ್ಲಿ ಇಂಟರ್ನ್‌ಶಿಪ್ ಮಾಡಿದೆ. ಅಲ್ಲಿಯವರೆಗೆ, ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ಕಲಾವಿದ ಹಲ್ದಂಕರ್ ಅವರ ದೀಪ ಹಿಡಿದ ಹೆಣ್ಣಿನ ಚಿತ್ರದ ಮುಂದೆ ಎಲ್ಲರಂತೆ ಬೆರಗಾಗಿ ನಿಂತು ಬಂದಿದ್ದೆನಷ್ಟೆ. ಅದು ಜಲವರ್ಣ ಚಿತ್ರ; ಹಾಗೆಂದರೇನೆಂದು ಇಂಟರ್ನ್‌ಶಿಪ್‌ನಲ್ಲಿ ತಿಳಿಯಿತು. ಬೆಳಕು ಹೆಚ್ಚಾದರೆ ಬಣ್ಣ ಮಾಸುತ್ತದೆ, ಮಾಸಿದ್ದು ಮರಳಿ ಬರುವುದಿಲ್ಲ. ಅದಕ್ಕೇ ಇಂಥ ಚಿತ್ರಗಳಿಗೆ ಸುಮಾರು 50 ಲಕ್ಸ್‌ನಷ್ಟು ಮಂದ ಬೆಳಕು ಸಾಕೆನ್ನುತ್ತಾರೆ. ಕಲಾವಿದ ಕೆ. ವೆಂಕಟಪ್ಪನವರ ಊಟಿ, ಕೊಡೈಕೆನಾಲ್ ಜಲವರ್ಣ ಚಿತ್ರಗಳಿಗೂ ಇದೇ ಮಾತು. ಗ್ಯಾಲರಿ ಮಂಕಾಗಿದೆ ಎನ್ನುವವರಿಗೆ ಇದನ್ನು ಫಲಕದಲ್ಲಿ ಕನ್ನಡದಲ್ಲೇ ಬರೆದು ತಿಳಿಸಬಾರದೇ?

ಅಲ್ಲಿ ಚಿತ್ರದ ಚೌಕಟ್ಟನ್ನು ತಿರುಗಿಸಿ ಗೆದ್ದಲು, ಬೂಷ್ಟು, ಬಿರುಕು ಗುರುತಿಸಿ ಸ್ಥಿತಿ ವರದಿ ಬರೆಯುವ ಕೆಲಸ ನನಗೆ ತರಗತಿಗಿಂತ ಹೆಚ್ಚು ಕಲಿಸಿತು. ಬಣ್ಣ, ಬೂಷ್ಟುಗಳನ್ನು ಅರಿಯಲು ರಸಾಯನಶಾಸ್ತ್ರವೂ ಬೇಕಾದ್ದರಿಂದ ಅದನ್ನು ಓದುವವರಿಗೂ ವಿಶ್ವವಿದ್ಯಾಲಯಗಳು ಈ ಅವಕಾಶ ಒದಗಿಸಲಿ, ಅದಕ್ಕೆ ಕ್ರೆಡಿಟ್ ಕೊಡಲಿ.

— ಕಲಾ ಇತಿಹಾಸ ವಿದ್ಯಾರ್ಥಿನಿ, ಮೈಸೂರು